ಹೋಗುವ ಮೊದಲೇ ಬರೆದಿಡುವುದು: ನನ್ನ ಅನುಭವ

ನಾನು ಆಡಿಟರ್. ವಾರವೆಲ್ಲ ಬೇರೆಯವರ ಲೆಕ್ಕ, ಭಾನುವಾರ ಮಾತ್ರ ಶಾಸನ, ವೀರಗಲ್ಲು (ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು) ಅಂತ ಊರೂರು ಸುತ್ತಿ ಬರೆಯುತ್ತೇನೆ. "ಹೋಗುವ ಮೊದಲೇ ಲೇಖನ ಬರೆದಿಡ್ತೀನಿ" ಅಂದಾಗ ಗೆಳೆಯರು ನಕ್ಕಿದ್ದರು. ನೋಡದೇ ಬರೆದದ್ದು ಸುಳ್ಳಾಗಲ್ವಾ ಅಂದರು. ಆಗುತ್ತೆ. ಆ ಸುಳ್ಳೇ ನನಗೆ ಬೇಕಾಗಿದ್ದು.

ಮೊದಲ ಎರಡು ವರ್ಷ ಎಲ್ಲರ ಹಾಗೇ ಮಾಡಿದೆ. 55 ಸಾವಿರದ ಕ್ಯಾಮೆರಾ, ದಿನಕ್ಕೆ ಮೂರೂವರೆ ಸಾವಿರದ ಬಾಡಿಗೆ ಕಾರು, ಒಂದೇ ದಿನಕ್ಕೆ ಐದಾರು ಊರು. ಮನೆಗೆ ಬಂದರೆ ನಾನೂರು ಫೋಟೋ, ಬರೆಯೋಕೆ ಒಂದು ಸಾಲೂ ಇಲ್ಲ. ಹದಿನೆಂಟೋ ಇಪ್ಪತ್ತೋ ಲೇಖನ ಕಳಿಸಿದೆ. ಅಚ್ಚಾದದ್ದು ಎರಡು, ಕೈಗೆ ಬಂದದ್ದು 1,600 ರೂಪಾಯಿ. ಬೇರೆಯವರ ಲೆಕ್ಕದಲ್ಲಿ ಹೀಗೆ ಕಂಡಿದ್ದರೆ ಅಂಗಡಿ ಮುಚ್ಚಿ ಅಂತಿದ್ದೆ.

ದಾರಿ ತೋರಿಸಿದ್ದು ಮದ್ದೂರು ತಾಲೂಕಿನ ಆತಕೂರು. ಕಾಳಿ ಅನ್ನೋ ನಾಯಿಯ ಕಥೆ ಇಲ್ಲಿಯದು. 949ರ ಹೊತ್ತಿನ ರಾಷ್ಟ್ರಕೂಟ-ಚೋಳರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಅನ್ನೋ ಯೋಧ ಬಹುಮಾನವಾಗಿ ಕೇಳಿದ್ದು ಆ ನಾಯಿಯನ್ನು. ಅದು ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ನಿಲ್ಲಿಸಿದ ಕಲ್ಲು ನೋಡಬೇಕು ಅಂತ ಕಾರು ಮಾಡಿಕೊಂಡು ಹೋದೆ. ಟೀ ಅಂಗಡಿಯವರು ಲೋಟ ತೊಳೆಯುತ್ತಲೇ ಹೇಳಿದರು: "ಆ ಕಲ್ಲಾ? ನಿಮ್ಮ ಬೆಂಗಳೂರಲ್ಲೇ ಇದೆಯಲ್ಲ ಸ್ವಾಮಿ." ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ನನ್ನ ಆಫೀಸಿನಿಂದ ಹತ್ತು ನಿಮಿಷದ ನಡಿಗೆ!

ಸಿಟ್ಟಲ್ಲಿ ಕಾರಲ್ಲೇ ಕೂತು ಹಾಳೆಯಲ್ಲಿ ಎರಡು ಕಾಲಂ ಎಳೆದೆ. ಎಡಕ್ಕೆ ಅಂದಾಜು, ಬಲಕ್ಕೆ ವಾಸ್ತವ. ನಮ್ಮ ಕಸುಬಿನ ಚಟ. ಬೆಂಗಳೂರು ಸೇರುವಷ್ಟರಲ್ಲಿ ಲೇಖನ ಮುಗಿದಿತ್ತು, ಅಚ್ಚೂ ಆಯಿತು.

ಈಗ ಶುಕ್ರವಾರ ರಾತ್ರಿಯೇ ಎಡ ಕಾಲಂ ತುಂಬುತ್ತೇನೆ. ಏನು ಕಾಣುತ್ತೆ, ಯಾರು ಸಿಗ್ತಾರೆ, ಹದಿನೈದು ಅಂದಾಜು. ಅಲ್ಲಿ ಹೋಗಿ ಟಿಕ್ ಇಲ್ಲಾ ತಪ್ಪು. ನಾಲ್ಕಕ್ಕಿಂತ ಕಮ್ಮಿ ತಪ್ಪಾದರೆ ಬರೆಯೋದೇ ಇಲ್ಲ. ತಾಳಗುಂದದ ಶಾಸನದ ಕಂಬ ಹೊಲದ ನಡುವೆ ಒಂಟಿಯಾಗಿ ನಿಂತಿರುತ್ತೆ ಅಂತ ಬರೆದಿದ್ದೆ. ಅದು ಪ್ರಣವೇಶ್ವರ ದೇವಸ್ಥಾನದ ಮುಂದೆಯೇ ಇದೆ. ಇಂಥವು ಸಣ್ಣ ತಪ್ಪು.

ದೊಡ್ಡದು ಶಿಕಾರಿಪುರದ ಕಡೆ ಆಯಿತು. ಮೂರು ಪಟ್ಟಿಕೆಯ, ಅಂದರೆ ಒಂದರ ಮೇಲೊಂದು ಮೂರು ಸಾಲು ಕೆತ್ತನೆಯ ವೀರಗಲ್ಲು. ನಗಬೇಡಿ, ಪುಟ ಓದುವ ಹಾಗೆ ಮೇಲಿನಿಂದ ಕೆಳಗೆ ಓದಿ ಕಥೆ ಬರೆದುಕೊಂಡು ಹೋಗಿದ್ದೆ: ಮೊದಲು ಲಿಂಗಪೂಜೆ, ಆಮೇಲೆ ಅಪ್ಸರೆಯರು, ಕೊನೆಗೆ ಯುದ್ಧ. ಪಕ್ಕದಲ್ಲಿ ಅಡಿಕೆ ಹರವುತ್ತಿದ್ದ ಅಜ್ಜಿಗೆ ಓದಿ ಹೇಳಿದೆ. ಅವರು ಕಡ್ಡಿಯಿಂದ ಕಲ್ಲು ತಟ್ಟಿ, "ಸತ್ತೋನು ಮೇಲಕ್ಕೆ ಹೋಗ್ತಾನೋ, ಕೆಳಕ್ಕೆ ಬರ್ತಾನೋ?" ಅಂದರು. ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಆ ಒಂದು ತಪ್ಪಿನಿಂದ ಎರಡು ಸಾವಿರ ಪದ ಬಂತು.

ನಡುವೆ ಮೊಬೈಲಿಗೆ ಹೇಳಿ ಬರೆಸುವ ಪ್ರಯೋಗವನ್ನೂ ಮಾಡಿದೆ. ಬಸ್ಸಿನ ಸದ್ದಿಗೆ 'ವೀರಗಲ್ಲು' ಹೋಗಿ 'ವೀರ ಗಲ್ಲು' ಆಯಿತು, 'ಆತಕೂರು' ಹೋಗಿ 'ಆತ ಕೂರು'. ಬಿಟ್ಟೆ. ಪೆನ್ಸಿಲೇ ವಾಸಿ, ಬಸ್ಸು ಕುಲುಕಿದರೂ ಬರೆಯುತ್ತೆ.

ಕ್ಯಾಮೆರಾ 28 ಸಾವಿರಕ್ಕೆ ಮಾರಿದೆ. ಸವೆದ ಅಕ್ಷರಕ್ಕೆ ಫೋನು, ಅಡ್ಡ ಬೆಳಕಿನ ಟಾರ್ಚು ಸಾಕು. ಟಾರ್ಚಿನ ಕೆಳಗೆ ಏನಿಡ್ತೀನಿ, ಬೀಗ ಹಾಕಿದ ಗುಡಿಯ ಕೀಲಿ ಹತ್ತು ನಿಮಿಷದಲ್ಲಿ ಹೇಗೆ ತರಿಸ್ತೀನಿ, ಅದು ಮಾತ್ರ ಕೇಳಬೇಡಿ. ಸರ್ಕಾರಿ ಬಸ್ಸು, ಊಟ ಸೇರಿ ಹತ್ತಿರದ ಊರಿಗೆ ಆರೇಳುನೂರು ರೂಪಾಯಿ ಖರ್ಚು. ಮೂರು ವರ್ಷದಲ್ಲಿ ಮೂವತ್ತು ಚಿಲ್ಲರೆ ಲೇಖನ ಬರೆದೆ, ಇಪ್ಪತ್ತೆರಡೋ ಇಪ್ಪತ್ಮೂರೋ ಅಚ್ಚಾದವು. ನಕ್ಕವರಲ್ಲಿ ಇಬ್ಬರು ಈಗ ಕಾಲಂ ಎಳೆಯುತ್ತಿದ್ದಾರೆ.

ಈ ಭಾನುವಾರ ಬೇಗೂರು, 'ಬೆಂಗಳೂರು ಕಾಳಗ' ಅಂತ ಕೆತ್ತಿರುವ ಕಲ್ಲು. ಮೊದಲ ಅಂದಾಜು: ಕಲ್ಲು ಊರಲ್ಲೇ ಇದೆ. ಇದೊಂದನ್ನು ಮಾತ್ರ ಮೊದಲೇ ಫೋನ್ ಮಾಡಿ ಕೇಳಿಕೊಂಡಿದ್ದೇನೆ.