ಜಿಂಕೆ ಉಚ್ಚೆಯ ಬಾಟಲಿ ಕೊಳ್ಳುವ ಮೊದಲು

ಹೋದ ಅಕ್ಟೋಬರ್‌ನಲ್ಲಿ ಇಲ್ಲಿ ಅಮೆರಿಕದಲ್ಲಿ ಸಕಲೇಶಪುರದ ಹುಡುಗನೊಬ್ಬ ಕಾರಿನ ಡಿಕ್ಕಿ ತೆಗೆದು, ಬೇಟೆಗೆ ಗಂಡು ಜಿಂಕೆಯನ್ನು ಸೆಳೆಯಲು ಸುರಿಯುವ ಉಚ್ಚೆಯ ಬಾಟಲಿ ತೋರಿಸಿದ. "ಅಣ್ಣಾ, ಅಪ್ಪಟ ಹೆಣ್ಣು ಜಿಂಕೆಯದ್ದು!" ನನಗೆ ಹೊಟ್ಟೆ ಚುರ್ ಅಂತು. ಅಂಥದ್ದೇ ಬಾಟಲಿಗೆ ನಾನು ದಂಡ ಕಟ್ಟಿದ್ದೆ.

ಪೆನ್ಸಿಲ್ವೇನಿಯಾದಲ್ಲಿ ಬೇಟೆಗೆ ಇಳಿದವರಿಗೆ ಕೋರ್ಸು, ಲೈಸೆನ್ಸು, ಕಿತ್ತಳೆ ಜಾಕೆಟ್ಟು ಎಲ್ಲ ಗೊತ್ತಿರುತ್ತೆ. ನಾನು ಹೇಳುವುದು ಮಾಕ್ ಸ್ಕ್ರೇಪ್, ಅಂದರೆ ಜಿಂಕೆ ನೆಲ ಕೆರೆದ ಗುರುತಿನ ನಕಲಿನ ಬಗ್ಗೆ. ಅಕ್ಟೋಬರ್ ಕೊನೆಗೆ ಗಂಡು ಜಿಂಕೆ ಬಾಗಿದ ಕೊಂಬೆಯ ಕೆಳಗೆ ಗೊರಸಿನಿಂದ ನೆಲ ಕೆರೆದು ಉಚ್ಚೆ ಹೊಯ್ಯುತ್ತದೆ, ಕೊಂಬೆಗೆ ಹಣೆ ಉಜ್ಜುತ್ತದೆ. ಜಿಂಕೆಗಳಿಗೆ ಅದು ಅರಳಿಕಟ್ಟೆ ಇದ್ದ ಹಾಗೆ. ಬಂದವರೆಲ್ಲ ಸುದ್ದಿ ಬಿಟ್ಟು, ಸುದ್ದಿ ತಗೊಂಡು ಹೋಗುತ್ತಾರೆ. ನಾವು ಮಾಡುವುದು ಆ ಕಟ್ಟೆಯ ನಕಲು.

ನಾನು ಅಂಗಡಿಯವನ ಮಾತು ಕೇಳಿ ಬಾಟಲಿ ಸುರಿದೆ. ಅಂಗಡಿಯಲ್ಲಿ ಮಾರುವುದು ತಪ್ಪಲ್ಲ. ಆದರೆ ಅಲ್ಲಿಂದ ಕೆಲವೇ ಮೈಲಿ ದೂರದ ನನ್ನ ಜಾಗ 'ಡಿಸೀಸ್ ಮ್ಯಾನೇಜ್‌ಮೆಂಟ್ ಏರಿಯಾ', ಅಂದರೆ ಜಿಂಕೆ ರೋಗ ಹರಡದಂತೆ ಗುರುತಿಸಿದ ವಲಯದೊಳಗಿತ್ತು. ಅಲ್ಲಿ ನಿಜವಾದ ಜಿಂಕೆ ಉಚ್ಚೆಯನ್ನು ಬಳಸುವುದಿರಲಿ, ಕಾಡಿಗೆ ಜೇಬಿನಲ್ಲಿ ಒಯ್ದರೂ ತಪ್ಪು. ಕಾರಣ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನೋ ಜಿಂಕೆಗಳ ಮಿದುಳಿನ ರೋಗ. ಬಂದ ಜಿಂಕೆ ಬದುಕುವುದಿಲ್ಲ, ಮದ್ದೂ ಇಲ್ಲ. ಅದನ್ನು ಹರಡುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಉಚ್ಚೆ, ಜೊಲ್ಲಿನಲ್ಲಿ ಬಂದು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಾಟಲಿಯ ಸರಕು ಬರುವುದು ಸಾಕಿದ ಜಿಂಕೆಗಳಿಂದ. ಈ ರಾಜ್ಯದಲ್ಲಿ 2012ರಲ್ಲಿ ರೋಗ ಮೊದಲು ಸಿಕ್ಕಿದ್ದೂ ಸಾಕಿದ ಜಿಂಕೆಯಲ್ಲೇ. ಗಡಿ ಆಗಾಗ ಬದಲಾಗುತ್ತೆ. ಹೋದ ವರ್ಷದ ನಕ್ಷೆ ನಂಬಬೇಡಿ, ಬೇಟೆ ನೋಡಿಕೊಳ್ಳುವ ರಾಜ್ಯದ ಇಲಾಖೆಯಾದ ಗೇಮ್ ಕಮಿಷನ್‌ನ ಹೊಸ ನಕ್ಷೆ ನೋಡಿ. ಹತ್ತಿರದ ವರ್ಜೀನಿಯಾವಂತೂ 2015ರಲ್ಲಿ ಇಡೀ ರಾಜ್ಯಕ್ಕೇ ನಿಷೇಧ ಹಾಕಿತು.

ನಮ್ಮೂರಲ್ಲಿ 1972ರ ಕಾಯ್ದೆ ಬಂತು, ಕಡವೆ, ಸಾರಗದ ಬೇಟೆ ಬಂದ್, ಕಥೆ ಮುಗೀತು. ಇಲ್ಲಿ ರಸ್ತೆ ದಾಟಿದರೆ ಕಾನೂನು ಬೇರೆ. ತಲೆನೋವೇ. ಆದರೂ ನನಗೆ ಇಲ್ಲಿನದೇ ಮೇಲು ಅನ್ನಿಸುತ್ತೆ: ರೈಫಲ್, ತೋಟಾ ಮೇಲಿನ 11% ತೆರಿಗೆ 1937ರ ಕಾಯ್ದೆಯಿಂದಾಗಿ ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತದೆ.

ನಿಜ ಹೇಳಬೇಕೆಂದರೆ ಬಾಟಲಿಯೇ ಬೇಡ. ಜಿಂಕೆ ದಾರಿಯ ಪಕ್ಕ, ನೆಲದಿಂದ ಐದಡಿ ಎತ್ತರದಲ್ಲಿ ಬಾಗಿದ ಕೊಂಬೆ ಹುಡುಕಿ. ಇಲ್ಲದಿದ್ದರೆ ಜಮೀನಿನವರನ್ನು ಕೇಳಿ ಕಾಡುದ್ರಾಕ್ಷಿ ಬಳ್ಳಿ ಇಳಿಬಿಡಿ. ಅದರ ಕೆಳಗೆ ಎರಡಡಿ ಅಗಲ ಎಲೆ ಗೋರಿ ಮಣ್ಣು ಕಾಣಿಸಿ. ರಬ್ಬರ್ ಬೂಟು, ಗ್ಲೌಸು ಹಾಕಿಕೊಂಡೇ ಮಾಡಿ. ನೆಲಕ್ಕಿಂತ ಕೊಂಬೆ ಮುಖ್ಯ. ಇಲ್ಲಿನ ಹಳಬರು ತಮ್ಮದೇ ಉಚ್ಚೆ ಹೊಯ್ದು ಬರುತ್ತಾರೆ. ನಾನೂ ನಾಚಿಕೆ ಬಿಟ್ಟು ಹಾಗೇ ಮಾಡಿದೆ. ಮೂರನೇ ರಾತ್ರಿ ಎಂಟು ಕವಲಿನ ಕೊಂಬಿದ್ದ ಗಂಡೊಂದು ಬಂದು ಮೂಸುತ್ತಿದ್ದದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ರಾತ್ರಿ ಅಂದೆ, ಗಮನಿಸಿ: ಅವು ಹೆಚ್ಚಾಗಿ ಬರುವುದೇ ಕತ್ತಲಲ್ಲಿ. ಹಾಗಾಗಿ ಅದರ ಮುಂದೆಯೇ ದಿನವಿಡೀ ಕೂರಬೇಡಿ. ಅವು ಹಗಲು ಮಲಗುವ ಕಡೆಯಿಂದ ಬರುವ ದಾರಿಯಲ್ಲಿ, ಗಾಳಿ ನಿಮ್ಮ ಮುಖಕ್ಕೆ ಬೀಸುವ ಹಾಗೆ ಕೂತುಕೊಳ್ಳಿ.

ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಬಂದೂಕು ಮುಟ್ಟುವ ಮೊದಲು ವಕೀಲರನ್ನು ಕೇಳಿ. ಬೇಟೆ ಲೈಸೆನ್ಸ್ ಕೈಯಲ್ಲಿಲ್ಲದೆ ಬಂದೂಕು ಹಿಡಿದರೆ ಫೆಡರಲ್ ಕೇಸು.

ಆ ರೋಗದ ವಲಯದೊಳಗೆ ನಿಮ್ಮ ಗುಂಡಿಗೆ ಜಿಂಕೆ ಬಿತ್ತು ಅಂದುಕೊಳ್ಳಿ. ತಲೆ, ಬೆನ್ನುಮೂಳೆ ಸಮೇತ ಕಾರಲ್ಲಿ ಹಾಕಿಕೊಂಡು ನೇರ ಮನೆಗೆ ಹೊರಡಬೇಡಿ. ತಲೆಯನ್ನು ಪರೀಕ್ಷೆಗೆ ಹಾಕಲು ಅಲ್ಲಲ್ಲಿ ಡಬ್ಬ ಇಟ್ಟಿರುತ್ತಾರೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ, ಸಾರಿಗೆ ಮಸಾಲೆ ಅರೆಯಲು ಹೋಗಬೇಡಿ.