ಮಂಡಿನೋವು, ದಿಂಬು ಮತ್ತೆ ಫಿಸಿಯೋಥೆರಪಿ: ನನ್ನ ಅನುಭವ

ಮಂಡಿ ಸವೆದಿದೆ, ಆಸ್ಟಿಯೋ ಆರ್ಥ್ರೈಟಿಸ್ ಅಂತ ಡಾಕ್ಟ್ರು ಹೇಳಿದ್ಮೇಲೆ ನಾನು ಮಾಡಿದ ಮೊದಲ್ನೇ ಕೆಲ್ಸ ಓಡಾಡೋದು ಬಿಟ್ಟಿದ್ದು. ಸವೆದಿರೋದನ್ನ ಇನ್ನೂ ಯಾಕೆ ಸವೆಸೋದು ಅನ್ನೋ ಲೆಕ್ಕ ನಂದು. ರಾತ್ರಿ ಬಲ ಮಂಡಿ ಕೆಳಗೆ ದಪ್ಪ ದಿಂಬು ಇಟ್ಕೊಂಡು ಮಲಗ್ತಿದ್ದೆ, ಕಾಲು ಸ್ವಲ್ಪ ಮಡಚ್ಕೊಂಡಿದ್ರೆ ಹಾಯಾಗಿರೋದು. ನಾಲ್ಕು ತಿಂಗ್ಳು ಹೀಗೇ ಮಾಡಿದ್ದಕ್ಕೆ ಕಾಲು ಪೂರ್ತಿ ನೆಟ್ಟಗೆ ಬರೋದೇ ನಿಂತೋಯ್ತು, ಕುಂಟೋಕೆ ಶುರು ಮಾಡ್ದೆ, ನೋವು ಮಾತ್ರ ಹಾಗೇ ಇತ್ತು.

ಫಿಸಿಯೋ ಮೇಡಂ ನನ್ನ ಮಲಗಿಸಿ ಮಂಡಿ ಹಿಂದಗಡೆ ಕೈ ತೂರಿಸಿದ್ರು, ಕಾಲು ನೆಟ್ಟಗಾಗದೆ ಉಳಿದ ಸಂದಿನಲ್ಲಿ ಮೂರು ಬೆರಳು ಆರಾಮಾಗಿ ಹೋಯ್ತು. ದಿಂಬು ವಿಷ್ಯ ಕೇಳಿ, ಇವತ್ತಿಂದ ಅದು ಬೇಡ, ಮಡಚಿಟ್ಟ ಕೀಲು ಮಡಚಿದ ಹಾಗೇ ಬಿಗಿದುಹೋಗತ್ತೆ ಅಂದ್ರು. ಕೀಲಲ್ಲಿ ಮೂಳೆ ತುದಿಗಿರೋ ನುಣುಪು ಹೊದಿಕೆ, ಅಂದ್ರೆ ಕಾರ್ಟಿಲೇಜ್‌ಗೆ, ರಕ್ತನಾಳ ಇರಲ್ವಂತೆ, ಕೀಲೊಳಗಿನ ದ್ರವದಿಂದಾನೇ ಅದಕ್ಕೆ ಪೋಷಣೆ, ಕಾಲು ಆಡಿಸಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದ್ರೇನೆ ಆ ದ್ರವ ಚೆನ್ನಾಗಿ ಓಡಾಡೋದು. ಅಂದ್ರೆ ನಾನು ಸುಮ್ನೆ ಕೂತು ಉಳಿಸಿದ್ದು ಏನೂ ಇರ್ಲಿಲ್ಲ.

ಮೊದಲ್ನೇ ಎಕ್ಸರ್‌ಸೈಜ್ ನೋಡಿ ನಗು ಬಂತು. ಸುತ್ತಿದ ಟವೆಲ್ ಮಂಡಿ ಕೆಳಗಿಟ್ಟು ಅದನ್ನ ಹಾಸಿಗೆಗೆ ಒತ್ಬೇಕು, 5 ಸೆಕೆಂಡ್ ಹಿಡೀಬೇಕು, ಬಿಡ್ಬೇಕು, 10 ಸಲ. ಇಷ್ಟೇನಾ ಅಂದ್ಕೊಂಡು ಒತ್ತಿದೆ, ಅವ್ರು ಮಂಡಿಚಿಪ್ಪಿನ ಮೇಲ್ಗಡೆ ತೊಡೆ ಮುಟ್ಟಿ "ಇಲ್ಲಿ ಏನೂ ಗಟ್ಟಿಯಾಗ್ತಿಲ್ವಲ್ಲ, ನೀವು ಸೊಂಟ ಎತ್ತಿ ಮೋಸ ಮಾಡ್ತಿದೀರ" ಅಂದ್ರು. ನಿಜಾನೇ! ತೊಡೆ ಮುಂದಿನ ಸ್ನಾಯು ಹಿಟ್ಟಿನ ಥರ ಮೆತ್ತಗಿತ್ತು, ಅದು ಬಿಗಿಯಾಗೋದನ್ನ ಕೈಯಿಟ್ಟು ನೋಡ್ಕೊಂಡು ಕಲಿಯೋಕೆ ಒಂದು ವಾರ ಹಿಡೀತು. ಆಮೇಲೆ ಕಾಲು ನೇರ ಮಾಡಿ ಎತ್ತೋದು, ಕುರ್ಚಿಯಿಂದ ಕೈ ಊರದೆ ಏಳೋದು.

ನಡುವೆ ಒಂದು ತಲೆಹರಟೆ ಮಾಡ್ದೆ. ಬೇಗ ವಾಸಿಯಾಗ್ಲಿ ಅಂತ 10 ಸಲ ಹೇಳಿದ್ದನ್ನ 50 ಸಲ ಮಾಡ್ಬಿಟ್ಟೆ, ಮಾರನೇ ದಿನ ಮಂಡಿ ಊದ್ಕೊಂಡು ಕೂತ್ಕೊಂಡ್ತು, ಫಿಸಿಯೋನೇ ಸರಿಯಿಲ್ಲ ಅಂತ ಮನೇಲೆಲ್ಲ ಬೈದಾಡ್ದೆ. ಅದಕ್ಕೆ ಮೇಡಂ ಕೊಟ್ಟ ಅಳತೆ ನಂಗೆ ಈಗ್ಲೂ ಉಪಯೋಗಕ್ಕೆ ಬರ್ತಿದೆ: ಮಾಡುವಾಗ ಸ್ವಲ್ಪ ನೋವು ಬಂದ್ರೆ ಪರ್ವಾಗಿಲ್ಲ, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳೀಬೇಕು, ಇಳೀಲಿಲ್ಲ ಅಂದ್ರೆ ಮುಂದಿನ ಸಲ ಕಮ್ಮಿ ಮಾಡಿ. ನಿಲ್ಸಿ ಅನ್ಲಿಲ್ಲ, ಕಮ್ಮಿ ಮಾಡಿ ಅಂದ್ರು.

ಕೋಲು ಹಿಡಿಯೋದೂ ತಪ್ಪಾಗಿತ್ತು. ನೋವಿರೋ ಕಾಲಿನ ಕಡೇನೇ ಹಿಡೀತಿದ್ದೆ, ಅದು ಎದುರು ಕೈಲಿರ್ಬೇಕಂತೆ, ಬಲಗಾಲು ಮುಂದಿಡುವಾಗ ಎಡಗೈ ಕೋಲು ಜೊತೇಲೇ ಹೋಗ್ಬೇಕು. ಈಗ್ಲೂ ಯಾರಾದ್ರೂ ಬಂದು ಕೋಲು ನೋವಿರೋ ಕಡೆ ಹಿಡ್ಕೊಳ್ಳಿ ಅಂತ ತಿದ್ದೋಕೆ ಬರ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದ್ಲು, ಇಳಿಯುವಾಗ ನೋವಿನ ಕಾಲು ಮೊದ್ಲು.

ನನ್ನ ತಂಗಿಗಿರೋದು ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳೋ ವಾತ, ಅದರ ಕಥೆ ಬೇರೆ. ಬೆರಳು ಕೆಂಪಾಗಿ ಬಿಸಿಯಾಗಿ ಊದಿದ್ದಾಗ ಅವಳಿಗೆ ಶಕ್ತಿ ಹಾಕೋ ಎಕ್ಸರ್‌ಸೈಜ್ ಕೊಡಲ್ಲ, ಮೆಲ್ಲಗೆ ಆಡಿಸೋದಷ್ಟೇ, ಮಾತ್ರೆ ಅಂತೂ ಬಿಡೋ ಹಾಗಿಲ್ಲ. ಅದಕ್ಕೇ ನಂದನ್ನ ನೋಡ್ಕೊಂಡು ಮಾಡ್ಬೇಡ ಅಂತ ಅವಳಿಗೆ ಹೇಳಿದೀನಿ.

ಎಂಟನೇ ವಾರದ ಹೊತ್ತಿಗೆ ಕುರ್ಚಿಯಿಂದ ಕೈ ಊರದೆ ಎದ್ದೆ. ಸವೆತ ವಾಪಸ್ ತುಂಬ್ಕೊಳ್ಳಲ್ಲ, ಎಕ್ಸ್‌ರೇ ಹಾಗೇ ಇದೆ, ಕಟಕಟ ಶಬ್ದಾನೂ ಇದೆ. ಮಂಡಿ ಹಿಂದೆ ಈಗ ಒಂದೇ ಬೆರಳು ಹೋಗತ್ತೆ, ಅದೂ ತುರುಕಿದ್ರೆ.