ಪೆಟ್ರೋಲ್ ಥಾರ್ ಗದ್ದೆಗೆ ಇಳಿದ ಕತೆ

"ಡೀಸೆಲ್ ಬುಟ್ಟು ಪೆಟ್ರೋಲ್ ತಗತೀಯೇನ್ಲಾ? ಗದ್ದೆ ಕೆಸರಲ್ಲಿ ಕಪ್ಪೆ ಕೂತಂಗೆ ಕೂತ್ಕತದೆ ಕಣ್ಲಾ!"

2023ರ ಕೊನೆಯಲ್ಲಿ ನಾನು ಮಹೀಂದ್ರಾ ಥಾರ್ ಜೀಪು, ಅದೂ ಪೆಟ್ರೋಲ್‌ದು, ಬುಕ್ ಮಾಡಿ ಬಂದ ಸಂಜೆ ದೊಡ್ಡಪ್ಪ ಜಗುಲಿ ಮೇಲೆ ಕೂತು ಹೇಳಿದ ಮಾತಿದು. ಅವರೊಬ್ಬರೇ ಅಲ್ಲ, ಪಾಂಡವಪುರದ ಕಡೆ ನನ್ನ ಜೊತೆ ಗಾಡಿ ಓಡಿಸೋ ಹುಡುಗರೆಲ್ಲ ಅದನ್ನೇ ಹೇಳಿದರು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋ ಫೋರ್ ಬೈ ಫೋರ್ ಗಾಡಿ ಅಂದ್ರೆ ಡೀಸೆಲ್ಲು, ಅದರಲ್ಲಿ ಎರಡು ಮಾತಿಲ್ಲ ಅಂತ.

ದೊಡ್ಡಪ್ಪನ ಮಾತಿಗೆ ಕಾರಣ ಇತ್ತು. ಅವರ ಕಾಲದ ಪೆಟ್ರೋಲ್ ಜೀಪುಗಳಿಗೆ ನೀರು ತಾಗಿದರೆ ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ಗಾಡಿ ನಿಂತುಬಿಡುತ್ತಿತ್ತು. ಕ್ಯಾಪ್ ಬಿಚ್ಚಿ ಪಂಚೆ ತುದಿಯಲ್ಲಿ ಒರೆಸಿ ಮತ್ತೆ ಸ್ಟಾರ್ಟ್ ಮಾಡಬೇಕಿತ್ತಂತೆ. ಈಗಿನ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಆದರೆ ಹೆದರಿಕೆ ಮಾತ್ರ ಹಾಗೇ ಉಳಿದಿದೆ.

ನನಗೆ ಡೀಸೆಲ್ ಬೇಡ ಅನ್ನಿಸಿದ್ದು ಭಾವನ ಗಾಡಿ ನೋಡಿ. ಯಾವ ಕಂಪನಿ ಅಂತ ಬೇಡ ಬಿಡಿ. ಹೊಸ ಹೊಗೆ ನಿಯಮದ (ಬಿಎಸ್ 6) ಡೀಸೆಲ್, ಓಡಾಟ ಬರೀ ಮನೆ, ತೋಟ, ಆಲೆಮನೆ. ಎಂಟು ತಿಂಗಳಿಗೆ ಡಿಪಿಎಫ್ ಲೈಟ್ ಬಂತು. ಡಿಪಿಎಫ್ ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತೆ. ಸರ್ವಿಸ್‌ನವರು "ಹೈವೇಲಿ ಓಡಿಸಿ ಸರ್" ಅಂದರು. ಭಾವ ಮದ್ದೂರಿಗೆ ಹೋಗಿ ಒಂದು ಕಾಫಿ ಕುಡಿದು ಬಂದರು. ಲೈಟ್ ಹೋಯಿತು. ತಿಂಗಳಿಗೆ ಮತ್ತೆ ಬಂತು. ಒಂದಿನ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಮೇಲೆ ಹೋಗಿದೆ, ಮೂಸಿದರೆ ಡೀಸೆಲ್ ವಾಸನೆ! ಮಸಿ ಸುಡೋಕೆ ಅಂತ ಜಾಸ್ತಿ ಬಿಟ್ಟ ಡೀಸೆಲ್ಲು, ಸುಡೋದು ಅರ್ಧಕ್ಕೇ ನಿಂತಾಗೆಲ್ಲ ಆಯಿಲ್‌ಗೆ ಇಳಿದಿತ್ತು. ಎರಡು ಸಲ ಕ್ಲೀನಿಂಗು, ಆಯಿಲ್ಲು ಎಲ್ಲ ಸೇರಿ ಐವತ್ತು ಸಾವಿರದ ಹತ್ತಿರ ಹೋಯಿತು.

ಆಮೇಲೆ ನಾನೊಂದು ನೋಟ್‌ಬುಕ್ ಇಟ್ಟೆ. ನನ್ನ ಹಳೇ ಗಾಡಿಯನ್ನು ಎಷ್ಟು ಸಲ ಸ್ಟಾರ್ಟ್ ಮಾಡುತ್ತೇನೆ, ಪ್ರತಿ ಸಲ ಎಷ್ಟು ಕಿಲೋಮೀಟರ್, ಅಷ್ಟೇ. ನಾಲ್ಕು ತಿಂಗಳು ಬರೆದೆ. ಹೆಂಡತಿ "ಹಾಲಿನ ಲೆಕ್ಕ ಬರೆಯೋ ಅಂದ್ರೆ ಬರೆಯಲ್ಲ" ಅಂತ ರೇಗಿಸುತ್ತಿದ್ದಳು. ಕೊನೆಗೆ ಸುಮಾರು 480 ಸಲ ಸ್ಟಾರ್ಟ್. ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಆರು ಕಿಲೋಮೀಟರ್ ಒಳಗೆ. ದೂರದ ಓಡಾಟ ಅಂದ್ರೆ ತಿಂಗಳಿಗೆ ಎರಡು ಸಲ ಮೈಸೂರು. ದಿನಕ್ಕೆ ಸರಾಸರಿ 15 ಕಿಲೋಮೀಟರ್.

ಭಾವನ ಗಾಡಿಗೆ ಎಂಜಿನ್ ಒಳಗಿನ ಲೆಕ್ಕ ತೋರಿಸೋ ಓಬಿಡಿ ಡಾಂಗಲ್ ಒಂದನ್ನು ಚುಚ್ಚಿಯೂ ನೋಡಿದೆ. ಬೆಳಿಗ್ಗೆ ಎಂಜಿನ್ ತಣಿಸೋ ಕೂಲೆಂಟ್ 80 ಡಿಗ್ರಿ ಮುಟ್ಟೋಕೆ ಏಳೆಂಟು ಕಿಲೋಮೀಟರ್ ಬೇಕಾಯಿತು. ನನ್ನ ಮುಕ್ಕಾಲು ಓಡಾಟ ಎಂಜಿನ್ ಕಾಯೋ ಮೊದಲೇ ಮುಗಿದಿರುತ್ತೆ. ಇನ್ನು ಡಿಪಿಎಫ್ ಯಾವಾಗ ಕಾಯಬೇಕು?

ಇನ್ನು ದುಡ್ಡು. ಫೋರ್ ಬೈ ಫೋರ್ ಥಾರ್‌ನಲ್ಲಿ ಪೆಟ್ರೋಲ್‌ಗಿಂತ ಡೀಸೆಲ್ ಆನ್‌ರೋಡ್ 85 ಸಾವಿರದಷ್ಟು ಜಾಸ್ತಿ ಬೀಳುತ್ತಿತ್ತು. ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಗೊತ್ತಲ್ಲ, ಬೆಲೆ ಜಾಸ್ತಿಯಾದಷ್ಟೂ ಅದೂ ಬೆಳೆಯುತ್ತೆ. ಆಗ ಪೆಟ್ರೋಲ್ 102, ಡೀಸೆಲ್ 88ರ ಆಸುಪಾಸು. ಲೀಟರಿಗೆ ಪೆಟ್ರೋಲ್ ಎಂಟೂವರೆ ಕಿಲೋಮೀಟರ್ ಕೊಡುತ್ತೆ, ಡೀಸೆಲ್ ಹನ್ನೊಂದೂವರೆ ಅಂತ ಇಟ್ಟುಕೊಂಡೆ. ಕಿಲೋಮೀಟರಿಗೆ ಸುಮಾರು 4.35 ರೂಪಾಯಿ ನನಗೆ ಜಾಸ್ತಿ, ಅಂದ್ರೆ ತಿಂಗಳಿಗೆ ಎರಡು ಸಾವಿರದ ಒಳಗೆ. ಆ 85 ಸಾವಿರ ಕರಗೋಕೆ ಮೂರೂವರೆ ವರ್ಷದ ಮೇಲೆ ಬೇಕು. ಆಮೇಲೆ ಸೇಲ್ಸ್ ಟ್ಯಾಕ್ಸ್ 2024ರಲ್ಲಿ ಎರಡರ ಮೇಲೂ ಏರಿತು, 2025ರಲ್ಲಿ ಡೀಸೆಲ್ ಮೇಲೆ ಮಾತ್ರ ಇನ್ನೊಂದು ಸಲ ಏರಿತು. ಅಂತರ ಇನ್ನೂ ಕಮ್ಮಿಯಾಯಿತು. ಇದು ನನ್ನ ಅದೃಷ್ಟ, ಜಾಣತನ ಅಲ್ಲ.

ಶೋರೂಮ್ ಹುಡುಗ ಒಂದೂವರೆ ಲೀಟರ್ ಡೀಸೆಲ್ ಎಂಜಿನ್‌ನ ಥಾರ್ ತೋರಿಸಿ "ಇನ್ನೂ ಅಗ್ಗ ಸರ್" ಅಂದ. ಅದರಲ್ಲಿ ಫೋರ್ ಬೈ ಫೋರ್ ಇಲ್ಲ. ಎದ್ದು ಬಂದೆ.

ಕಾಗದದ ಲೆಕ್ಕ ನಂಬಿ ತಗೊಂಡೆ ಅಂದುಕೊಳ್ಳಬೇಡಿ. ಬುಕ್ ಮಾಡೋ ಮೊದಲು ಇಬ್ಬರು ಗೆಳೆಯರ ಥಾರ್ ಕರೆಸಿದ್ದೆ, ಒಂದು ಪೆಟ್ರೋಲ್, ಒಂದು ಡೀಸೆಲ್, ಎರಡೂ ಮ್ಯಾನುಯಲ್. ಹಿಂದೆ ಆರು ಮೂಟೆ ಮರಳು ಹಾಕಿ ನಾಲೆ ಏರಿಯಿಂದ ಖಾಲಿ ಗದ್ದೆಗೆ ಇಳಿಸಿ ಹತ್ತಿಸಿದೆವು. ಸತ್ಯ ಹೇಳಬೇಕು. ಡೀಸೆಲ್ ಆಕ್ಸಿಲರೇಟರ್ ಮುಟ್ಟದೇನೇ ಎತ್ತಿನ ಥರ ಹತ್ತಿತು. ಪೆಟ್ರೋಲ್ ನನ್ನ ಕೈಯಲ್ಲಿ ಎರಡು ಸಲ ಆಫ್ ಆಯಿತು. ಎಲ್ಲರೂ ಶಿಳ್ಳೆ ಹೊಡೆದರು.

ಮನೆಗೆ ಬಂದು ಸ್ಪೆಕ್ ನೋಡಿದೆ. ಎರಡಕ್ಕೂ ಟಾರ್ಕ್, ಅಂದ್ರೆ ಎಂಜಿನ್ ತಿರುಗಿಸೋ ಬಲ, 300 ನ್ಯೂಟನ್ ಮೀಟರೇ. ಪೆಟ್ರೋಲ್‌ಗೆ 1250 ಆರ್‌ಪಿಎಂನಿಂದಲೇ ಬರುತ್ತೆ, ಡೀಸೆಲ್‌ಗೆ 1600ರಿಂದ. ಹಾಗಾದರೆ ತಪ್ಪು ನಂದೇ, ಅಲ್ವಾ? ಡೀಸೆಲ್ ಓಡಿಸಿದ ಕಾಲು ನನ್ನದು, ಐಡ್ಲಿಂಗ್‌ನಲ್ಲೇ ಹತ್ತಲಿ ಅಂತ ಕಾಯುತ್ತಿದ್ದೆ. ಮರುದಿನ ಅದೇ ಪೆಟ್ರೋಲ್ ಗಾಡಿ, ನಿಧಾನಕ್ಕೆ ಜಾಸ್ತಿ ಎಳೆಯೋ ಲೋ ರೇಂಜ್, ಸೆಕೆಂಡ್ ಗೇರ್, ಕೆಸರಿಗೆ ಮುಟ್ಟೋ ಮೊದಲೇ ಎಂಜಿನ್ 1500 ಆರ್‌ಪಿಎಂ ಮೇಲೆ ಇಟ್ಟು ಓಡಿಸಿದೆ. ಹತ್ತಿತು. ನಾಲ್ಕು ಸಲವೂ ಹತ್ತಿತು.

ಆದರೂ ಗಾಡಿ ಬಂದ ಮೇಲೆ ಮೊದಲ ಮಳೆಗಾಲದಲ್ಲಿ ಮರ್ಯಾದೆ ಹೋಯಿತು. ನಾಲೆಗೆ ನೀರು ಬಿಟ್ಟಿದ್ದರು, ಗದ್ದೆ ಎಲ್ಲ ಕಲಸಿದ ರಾಗಿ ಹಿಟ್ಟಿನ ಹಾಗಿತ್ತು. ರೋಡ್ ಟೈರಲ್ಲೇ ಇಳಿಸಿದೆ. ಆಕ್ಸಲ್‌ವರೆಗೆ ಕೂತಿತು. ದೊಡ್ಡಪ್ಪನ ಟ್ರ್ಯಾಕ್ಟರೇ ಬಂದು ಎಳೆಯಬೇಕಾಯಿತು. ಎಳೆಯೋವಾಗ ಬಂಪರ್ ಬಗ್ಗಿ ಆರೂವರೆ ಸಾವಿರ. ಎಂಜಿನ್‌ದು ಏನೂ ತಪ್ಪಿರಲಿಲ್ಲ, ಆದರೆ ಊರವರ ಹತ್ತಿರ ಅದನ್ನು ಹೇಳೋದು ಹೇಗೆ? ಆಮೇಲೆ ಕೆಸರಲ್ಲೂ ಹಿಡಿತ ಕೊಡೋ ಆಲ್ ಟೆರೇನ್ ಟೈರ್ ಹಾಕಿಸಿದೆ. ಹಳೇದು ಮಾರಿ ಮೇಲೆ ನಲವತ್ತು ಸಾವಿರ ಕೈಯಿಂದ ಹೋಯಿತು. 85 ಸಾವಿರದಲ್ಲಿ ಅರ್ಧ ಅಲ್ಲೇ ಖಾಲಿ! ಗದ್ದೆಗೆ ಇಳಿಯೋ ಮೊದಲು ಟೈರ್ ಗಾಳಿ 18 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತೇನೆ. ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ಅಲ್ಲ, ಆ ಲೆಕ್ಕ ನನ್ನ ಹತ್ತಿರಾನೇ ಇರಲಿ.

ಹೂತಾಗ ಚಕ್ರದ ಕೆಳಗೆ ಏನು ಹಾಕಬೇಕು ಅಂತಾನೂ ಸುಮ್ನೆ ಪ್ರಯೋಗ ಮಾಡಿದೆ. ಒಣಗಿದ ಕಬ್ಬಿನ ತರಗು ಪುಕ್ಕಟೆ ಸಿಗುತ್ತೆ ಅಂತ ಹಾಕಿದರೆ, ಅದು ಗಾಡಿ ಕೆಳಗೆ ತಿರುಗೋ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಸೈಲೆನ್ಸರ್ ಹತ್ತಿರ ಕರಿಕು ವಾಸನೆ ಬಂತು. ಪೆಟ್ರೋಲ್ ಗಾಡಿಯ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರೂ ಕೆಂಡದ ಹಾಗೆ ಕಾಯುತ್ತೆ, ಹುಷಾರು. ಗೋಣಿಚೀಲವೇ ವಾಸಿ.

ಮೈಲೇಜ್ ಬಗ್ಗೆ ಕೇಳುವವರಿಗೆ: ಊರೊಳಗೆ ಎಂಟು, ಎಕ್ಸ್‌ಪ್ರೆಸ್‌ವೇಯಲ್ಲಿ ಹನ್ನೊಂದು, ಲೋ ರೇಂಜ್‌ನಲ್ಲಿ ಮೀಟರ್ ನೋಡದಿರೋದೇ ಒಳ್ಳೇದು. ಪೆಟ್ರೋಲ್‌ಗೆ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸೋಕೆ ಶುರುವಾದ ಮೇಲೆ ಅರ್ಧ ಕಿಲೋಮೀಟರ್ ಕಮ್ಮಿ ಅನ್ನಿಸುತ್ತೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಮ್ಮಿ, ಹಾಗಾಗಿ ಇದು ಸಹಜ. ಕಬ್ಬಿನಿಂದಲೂ ಎಥನಾಲ್ ಮಾಡ್ತಾರೆ, ಕಬ್ಬು ಬೆಳೆಯೋ ನಾವೇ ಇದಕ್ಕೆ ಬೈದರೆ ಹೇಗೆ ಅಂತ ಸುಮ್ಮನಾಗಿದ್ದೇನೆ.

ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗೋ ಗೆಳೆಯನಿಗೆ ನಾನೇ ಡೀಸೆಲ್ ತಗೋ ಅಂದೆ. ಅವನ ನೋಟ್‌ಬುಕ್ ಬೇರೆ.

ಹೋದ ಮಳೆಗಾಲದಲ್ಲಿ ನಾಲೆ ಏರಿ ಪಕ್ಕ ಗೊಬ್ಬರ ತುಂಬಿದ ಡೀಸೆಲ್ ಪಿಕಪ್ ಒಂದು ಹೂತಿತ್ತು. ಟ್ರ್ಯಾಕ್ಟರ್ ಬೇರೆ ಕಡೆ ಉಳುಮೆಗೆ ಹೋಗಿತ್ತು. ನನ್ನ ಗಾಡಿಗೇ ಹಗ್ಗ ಕಟ್ಟಿದೆವು. ಮೂರನೇ ಎಳೆತಕ್ಕೆ ಮೇಲೆ ಬಂತು. ಬದುವಿನ ಮೇಲೆ ನಿಂತು ನೋಡುತ್ತಿದ್ದ ದೊಡ್ಡಪ್ಪ ಬೀಡಿ ಆರಿಸಿ ಹತ್ತಿರ ಬಂದು ಕೇಳಿದ್ದು ಒಂದೇ ಮಾತು: "ಎಷ್ಟ್ಲಾ ಕುಡೀತು ಪೆಟ್ರೋಲು?"

ಅವತ್ತಿನದು ಮಾತ್ರ ನೋಟ್‌ಬುಕ್‌ನಲ್ಲಿ ಬರೆದಿಲ್ಲ.